ನಾಂಟ್‌ಗಾರುವಿನ ಪಿಂಗಾಣಿ



‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಈ ಹೊತ್ತು ನಾವು ಹೇಳಹೊರಟಿರುವ ವೃತ್ತಾಂತದಲ್ಲಿ ದೊಣ್ಣೆಯ ಅವಶ್ಯಕತೆಯೇ ಬೀಳಲಿಲ್ಲ. ಕುಂಬಾರನ ಬೆಂಕಿಯೇ ಆ ಕೆಲಸವನ್ನೂ ಮಾಡಿ ಮುಗಿಸಿತು.

ವೇಲ್ಸ್ ದೇಶದ ದಕ್ಷಿಣ ಭಾಗದಲ್ಲಿ, ಕಾರ್ಡಿಫ್ ರೇವುಪಟ್ಟಣಕ್ಕೆ ಉತ್ತರದಲ್ಲಿ ಸುಮಾರು ಎಂಟು ಮೈಲಿಗಳ ದೂರದಲ್ಲಿ, ಟಾಫ್ ನದಿಯ ಕಣಿವೆಯೊಳಗೆ ನಾಂಟ್‌ಗಾರು ಎಂಬ ಸಣ್ಣ ಊರೊಂದಿದೆ. ಅದರ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುದನ್ನು ಕಂಡವರು ಉಚ್ಚರಿಸಲಾರದೆ ತಡವರಿಸುವುದುಂಟು. ಆ ಕಾಗುಣಿತದ ಕೊನೆಯಲ್ಲಿ ‘ಡಬ್ಲ್ಯು’ ಅಕ್ಷರವಿದೆ. ವೇಲ್ಸ್ ಜನರಿಗೆ ಅದು ವ್ಯಂಜನವಲ್ಲ, ಸ್ವರ. ಒರಟು ಹಳ್ಳ ಎಂದು ಆ ಹೆಸರಿನ ಅರ್ಥ. ಹೆಸರು ಒರಟಾದರೂ ಅಲ್ಲಿ ಹುಟ್ಟಿದ ವಸ್ತು ಒರಟಾಗಿರಲಿಲ್ಲ. 1813ರಿಂದ 1820ರ ವರೆಗಿನ ಅವಧಿಯಲ್ಲಿ, ಅದೂ ನಡುವೆ ಎರಡು ಮೂರು ವರ್ಷಗಳು ಬಾಗಿಲು ಮುಚ್ಚಿದ್ದು, ಆ ಊರಿನಲ್ಲಿ ನಡೆದ ಒಂದು ಸಣ್ಣ ಕಾರ್ಖಾನೆಯಲ್ಲಿ ತಯಾರಾದ ಪಿಂಗಾಣಿಯು ಬ್ರಿಟಿಷ್ ದ್ವೀಪಗಳಲ್ಲಿ ಎಂದಾದರೂ ತಯಾರಾದ ಪಿಂಗಾಣಿಗಳಲ್ಲೆಲ್ಲ ಅತ್ಯಂತ ಶ್ರೇಷ್ಠವಾದವುಗಳ ಸಾಲಿಗೆ ಸೇರಿದುದೆಂದು ಬಲ್ಲವರು ಎಣಿಸುತ್ತಾರೆ. ತಟ್ಟೆಯನ್ನು ಬೆಳಕಿಗೆ ಎತ್ತಿ ಹಿಡಿದರೆ ಹಿಂಬದಿಯ ಬೆರಳುಗಳ ನೆರಳು ಈಚೆಗೆ ಕಾಣುವುದು. ಬಣ್ಣವೋ, ಹಿಮದ ಬಿಳುಪು. ಇಂತಹ ವಸ್ತುವನ್ನು ಮಾಡಿದ ಕಾರ್ಖಾನೆಯು ಏಕೆ ಬಾಳಲಿಲ್ಲ ಎಂಬುದು ನಮ್ಮ ಪ್ರಶ್ನೆ.

ಮೊದಲು ಆ ಮನುಷ್ಯನ ವಿಷಯವನ್ನು ಹೇಳಬೇಕು. ವಿಲಿಯಂ ಬಿಲ್ಲಿಂಗ್ಸ್‌ಲಿಯು 1758ರಲ್ಲಿ ಇಂಗ್ಲೆಂಡಿನ ಡರ್ಬಿ ಪಟ್ಟಣದಲ್ಲಿ ಹುಟ್ಟಿದನು. ಹದಿನಾರನೆಯ ವಯಸ್ಸಿನಲ್ಲಿ, ಎಂದರೆ 1774ರಲ್ಲಿ, ಅಲ್ಲಿನ ಪ್ರಸಿದ್ಧವಾದ ಪಿಂಗಾಣಿ ಕಾರ್ಖಾನೆಯನ್ನು ನಡೆಸುತ್ತಿದ್ದ ವಿಲಿಯಂ ಡ್ಯೂಸ್‌ಬರಿಯ ಬಳಿ ವಾರಕ್ಕೆ ಐದು ಷಿಲಿಂಗಿನ ಸಂಬಳದ ಮೇಲೆ ಶಿಷ್ಯವೃತ್ತಿಗೆ ಸೇರಿದನು. ಹೂವುಗಳನ್ನು ಬರೆಯುವುದು ಅವನ ಕೆಲಸ. ಅದುವರೆಗೆ ಹೂವನ್ನು ಬರೆಯುತ್ತಿದ್ದವರು ಎಸಳಿನ ಬೆಳಕಿನ ಭಾಗವನ್ನು ಖಾಲಿ ಬಿಟ್ಟು ಉಳಿದ ಕಡೆ ಬಣ್ಣ ತುಂಬುತ್ತಿದ್ದರು. ಬಿಲ್ಲಿಂಗ್ಸ್‌ಲಿಯಾದರೋ ಗುಲಾಬಿಯ ಎಸಳಿಗೆ ಮೊದಲು ಧಾರಾಳವಾಗಿ ಬಣ್ಣ ಹಚ್ಚಿ, ಅದು ಒಣಗುವ ಮುನ್ನ ಬರಿಯ ಕುಂಚದಿಂದ ಬೆಳಕು ಬೀಳಬೇಕಾದ ಕಡೆ ಒರೆಸಿ ತೆಗೆಯುವನು. ಅಡಿಯ ಬಿಳುಪು ಮೆಲ್ಲನೆ ಹೊರಗೆ ಇಣುಕುವುದು. ಎಸಳು ಮೃದುವಾಗಿ ಹೊರಳಿ ನಿಲ್ಲುವುದು. ಕಿರಿಯರು ನೋಡಿ ಕಲಿಯಲೆಂದು ಅವನು ಬರೆದ ತಟ್ಟೆಯೊಂದು ಡರ್ಬಿಯ ವಸ್ತುಸಂಗ್ರಹಾಲಯದಲ್ಲಿದೆ. ಅವನು ಕಾರ್ಖಾನೆಯನ್ನು ಬಿಟ್ಟುಹೋಗುವನೆಂಬ ಸುದ್ದಿ ಹಬ್ಬಿದಾಗ ಡರ್ಬಿಯ ಲಂಡನ್ ಪ್ರತಿನಿಧಿಯು ಯಜಮಾನನಿಗೆ ಕಾಗದ ಬರೆದು, ಅಂತಹ ಕೈಯನ್ನು ಕಳೆದುಕೊಳ್ಳುವುದೊಂದು ನಷ್ಟ, ಬೇರೆ ಕಾರ್ಖಾನೆಯವರಿಗೆ ಆ ಬಗೆಯ ಹೂವಿನ ಗುಟ್ಟು ತಿಳಿಯುವುದು ಇನ್ನೊಂದು ನಷ್ಟ ಎಂದು ಎಚ್ಚರಿಸಿದನು.

ಒರೆಸಿ ತೆಗೆಯುವ ಈ ವಿಧಾನವನ್ನು ಶ್ರೋತೃಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದಿನ ಕಥೆಯೆಲ್ಲಕ್ಕೂ ಅದೇ ಬೀಜವೆಂದು ನಮ್ಮ ನಂಬಿಕೆ. ಹೀಗೆ ಬರೆದ ಹೂವಿನಲ್ಲಿ ಬೆಳಕನ್ನು ಕೊಡುವುದು ಬಣ್ಣವಲ್ಲ, ಅಡಿಯಲ್ಲಿರುವ ಪಿಂಗಾಣಿ. ಅದು ಬೂದುಬಣ್ಣಕ್ಕೆ ತಿರುಗಿದ್ದರೆ ಗುಲಾಬಿಯೂ ಬಾಡಿದಂತೆ ಕಾಣುವುದು. ಚಿತ್ರಕಾರನಾದ ಬಿಲ್ಲಿಂಗ್ಸ್‌ಲಿಯು ಕುಂಚವನ್ನು ಬಿಟ್ಟು ಮಣ್ಣಿಗೆ ಕೈ ಹಾಕಿದುದು ಈ ಕಾರಣದಿಂದ. ತನ್ನ ಗುಲಾಬಿಗೆ ತಕ್ಕ ಬಿಳುಪನ್ನು ಅರಸುತ್ತ ಅವನು ಉಳಿದ ಆಯುಸ್ಸನ್ನೆಲ್ಲ ಕಳೆದನು.

ಈ ಅಲೆದಾಟವನ್ನು ಬೇಗನೆ ಹೇಳಿಬಿಡುತ್ತೇವೆ. ಸುಮಾರು 1796ರಲ್ಲಿ ಡರ್ಬಿಯನ್ನು ಬಿಟ್ಟು ಪಿಂಕ್ಸ್‌ಟನ್ನಿನಲ್ಲಿ ಜಾನ್ ಕೋಕ್ ಎಂಬ ಜಮೀನುದಾರನೊಡನೆ ಕೂಡಿ ಕಾರ್ಖಾನೆ ತೆರೆದನು. 1799ರಲ್ಲಿ ಅದನ್ನು ಬಿಟ್ಟನು. ಅಲ್ಲಿಂದ ಮ್ಯಾನ್ಸ್‌ಫೀಲ್ಡ್, ಅಲ್ಲಿಂದ ಲಿಂಕನ್‌ಷೈರಿನ ಟಾರ್ಕ್ಸಿ. ಎಲ್ಲೆಲ್ಲಿಯೂ ಒಂದೇ ಕಥೆ: ಹೊಸ ಊರು, ಹೊಸ ಪಾಲುದಾರರು, ಹೊಸ ಸಾಲ. 1808ರಲ್ಲಿ ಮಗಳಂದಿರಾದ ಸಾರಾ ಮತ್ತು ಲವೀನಿಯಾ ಇಬ್ಬರನ್ನೂ ಕರೆದುಕೊಂಡು ವೂಸ್ಟರಿನ ದೊಡ್ಡ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದನು. ಸಾಲಗಾರರ ಕಣ್ಣಿಗೆ ಬೀಳಬಾರದೆಂದು ಬೀಲಿ ಎಂದು ಹೆಸರನ್ನು ಬದಲಾಯಿಸಿಕೊಂಡಿದ್ದನು. ಅವನ ಜೊತೆಯಲ್ಲಿ ಸ್ಯಾಮ್ಯುಯಲ್ ವಾಕರ್ ಎಂಬ ಯುವಕನಿದ್ದನು. ಒಲೆಗಳನ್ನು ಕಟ್ಟುವುದರಲ್ಲಿ ನಿಪುಣನು. ಮುಂದೆ ಸಾರಾಳನ್ನು ಮದುವೆಯಾಗಿ ಬಿಲ್ಲಿಂಗ್ಸ್‌ಲಿಯ ಅಳಿಯನೂ ಆದನು. ವೂಸ್ಟರಿನವರು ಇವರ ಮಿಶ್ರಣದ ಗುಟ್ಟನ್ನು ಅನ್ಯರಿಗೆ ತಿಳಿಸಬಾರದೆಂದು ಇಬ್ಬರಿಂದಲೂ ಕರಾರು ಬರೆಸಿಕೊಂಡರು. ಆದರೆ ತಾವೇ ಅದರಿಂದ ಪಾತ್ರೆಗಳನ್ನು ಮಾಡಿಕೊಳ್ಳಬಾರದೆಂದು ಆ ಕರಾರಿನಲ್ಲಿ ಬರೆದಿರಲಿಲ್ಲ. ವಕೀಲರ ಬರಹದಲ್ಲಿ ಉಳಿದ ಈ ಸಣ್ಣ ಕಿಂಡಿಯಿಂದ ಮಾವನೂ ಅಳಿಯನೂ 1813ರಲ್ಲಿ ಹೊರಬಿದ್ದರು.

ನಾಂಟ್‌ಗಾರುವಿಗೆ ಬಂದಾಗ ಅವರ ಕೈಯಲ್ಲಿದ್ದ ಬಂಡವಾಳ ಸುಮಾರು 250 ಪೌಂಡು. ಆ ಸ್ಥಳವನ್ನೇ ಏಕೆ ಆರಿಸಿದರೆಂಬುದು ಊಹಿಸಲಾಗದ ಸಂಗತಿಯೇನಲ್ಲ. ಕಲ್ಲಿದ್ದಲು ಹತ್ತಿರದಲ್ಲೇ ಸಿಕ್ಕುತ್ತಿತ್ತು. ಮರ್ಥರ್ ಟಿಡ್‌ವಿಲ್ಲಿನ ಕಬ್ಬಿಣದ ಕಾರ್ಖಾನೆಗಳಿಂದ ಕಾರ್ಡಿಫ್ ರೇವಿಗೆ 1794ರಲ್ಲಿ ತೆರೆದ ಗ್ಲಾಮಾರ್ಗನ್ ಕಾಲುವೆಯು ಊರ ಮಗ್ಗುಲಲ್ಲೇ ಹರಿಯುತ್ತಿತ್ತು. ಒಡೆಯುವ ಸಾಮಾನನ್ನು ಎತ್ತಿನ ಬಂಡಿಯಲ್ಲಿ ಸಾಗಿಸಿದವರಿಗೆ ದೋಣಿಯ ಬೆಲೆ ಗೊತ್ತು. ಇವೆಲ್ಲಕ್ಕಿಂತ ಮುಖ್ಯವಾಗಿ, ವಿಲಿಯಂ ವೆಸ್ಟನ್ ಯಂಗ್ ಎಂಬ ಮಹಾನುಭಾವನು ಆ ಪ್ರಾಂತದಲ್ಲಿದ್ದನು. ಆತನು ಕ್ವೇಕರ್ ಪಂಥದವನು, ಭೂಮಾಪನ ವೃತ್ತಿಯವನು, ಸಸ್ಯಗಳ ಚಿತ್ರಗಳನ್ನು ಬರೆಯಬಲ್ಲವನು. ಸುತ್ತಣ ಜಮೀನುದಾರರೆಲ್ಲರ ಪರಿಚಯವೂ ಇದ್ದಿತು. ಆತನು ತನ್ನ ಹಣವನ್ನೂ ಹಾಕಿ ಕಾರ್ಖಾನೆಯ ದೊಡ್ಡ ಪಾಲುದಾರನಾದನು. 1814ರ ಮೊದಲಿಗೆ ಒಲೆಗೆ ಬೆಂಕಿ ಬಿದ್ದಿತು.

ಇಲ್ಲಿ ಪಿಂಗಾಣಿಯ ವಿಷಯವಾಗಿ ಎರಡು ಮಾತುಗಳು ಅಗತ್ಯ. ಚೀನೀಯರ ನಿಜವಾದ ಪಿಂಗಾಣಿಯಲ್ಲಿ ಎರಡೇ ಪದಾರ್ಥಗಳು ಮುಖ್ಯ: ಕೆಯೋಲಿನ್ ಎಂಬ ಬಿಳಿಯ ಮಣ್ಣು, ಮತ್ತು ಕಾವಿನಲ್ಲಿ ಕರಗಿ ಗಾಜಾಗುವ ಒಂದು ಬಗೆಯ ಕಲ್ಲಿನ ಪುಡಿ. ಮಣ್ಣು ಮೂಳೆಯಂತೆ ನಿಲ್ಲುತ್ತದೆ. ಕಲ್ಲು ಮಾಂಸದಂತೆ ಸಂದುಗಳನ್ನು ತುಂಬುತ್ತದೆ. ಈ ರಹಸ್ಯವು ಯೂರೋಪಿಗೆ ತಿಳಿದುದು ಹದಿನೆಂಟನೆಯ ಶತಮಾನದ ಮೊದಲಲ್ಲಿ. ಜರ್ಮನಿಯ ಮೈಸನ್ ಕಾರ್ಖಾನೆಯು 1710ರಲ್ಲಿ ಹುಟ್ಟಿತು. ಗುಟ್ಟು ತಿಳಿಯದ ಉಳಿದವರು, ಮುಖ್ಯವಾಗಿ ಫ್ರಾನ್ಸಿನವರು, ಬೇರೊಂದು ಉಪಾಯವನ್ನು ಹೂಡಿದ್ದರು. ಮರಳು, ಕ್ಷಾರ ಮೊದಲಾದುವನ್ನು ಕರಗಿಸಿ ಮೊದಲು ಗಾಜನ್ನು ಮಾಡಿ, ಅದನ್ನು ನುಣ್ಣಗೆ ಅರೆದು, ಸ್ವಲ್ಪವೇ ಮಣ್ಣನ್ನು ಸೇರಿಸಿ ಪಾತ್ರೆ ಮಾಡುವುದು ಆ ಉಪಾಯ. ಇದಕ್ಕೆ ಮೆದು ಪಿಂಗಾಣಿಯೆಂದು ಹೆಸರು. ಫ್ರಾನ್ಸಿನ ರಾಜಾಶ್ರಯದ ಸೆವ್ರ್ ಕಾರ್ಖಾನೆಯಲ್ಲಿ ಇದು ಪರಾಕಾಷ್ಠೆಗೆ ಬಂದಿತು. ಗಟ್ಟಿ ಪಿಂಗಾಣಿಯ ಮೇಲೆ ಬಣ್ಣವು ಹೊರಗೇ ಕುಳಿತಿರುತ್ತದೆ. ಮೆದು ಪಿಂಗಾಣಿಯಲ್ಲಾದರೋ ಬಣ್ಣವು ಮೆರುಗಿನೊಳಕ್ಕೆ ಇಳಿದು ಬೆರೆತುಹೋಗುತ್ತದೆ. 1800ರ ಹೊತ್ತಿಗೆ ಸೆವ್ರಿನವರೇ, ನಷ್ಟ ಹೆಚ್ಚೆಂದು, ಮೆದು ಪಿಂಗಾಣಿಯನ್ನು ಕೈಬಿಟ್ಟರು. ಆಗ ಲಂಡನ್ನಿನ ಶ್ರೀಮಂತರಿಗೆ ಅದರ ಮೇಲಿನ ಮೋಹವು ಇಮ್ಮಡಿಯಾಯಿತು, ಮನುಷ್ಯಸ್ವಭಾವವೇ ಹೀಗೆ.

ಇಂಗ್ಲೆಂಡಿನವರು ಈ ಮಿಶ್ರಣಕ್ಕೆ ದನದ ಎಲುಬನ್ನು ಸುಟ್ಟ ಬೂದಿಯನ್ನೂ ಸೇರಿಸಿದರು. ಬಿಲ್ಲಿಂಗ್ಸ್‌ಲಿಯ ಮಿಶ್ರಣದಲ್ಲಿಯೂ ಎಲುಬಿನ ಬೂದಿಯಿತ್ತು. ನಮ್ಮ ಮನೆಯ ಹಿರಿಯರು ಪಿಂಗಾಣಿಯ ಬಟ್ಟಲನ್ನು ಅಡಿಗೆಮನೆಯ ಹೊಸಿಲು ದಾಟಗೊಡುತ್ತಿರಲಿಲ್ಲ. ಅದು ಬರಿಯ ಮಡಿಯ ಹುಚ್ಚೆಂದು ಕಾಲೇಜಿನಲ್ಲಿ ಓದುತ್ತಿದ್ದ ನಾವು ನಕ್ಕದ್ದುಂಟು. ಈ ವಿಷಯವನ್ನು ಓದಿದ ಮೇಲೆ ಆ ನಗುವನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಇನ್ನು ನಾಂಟ್‌ಗಾರುವಿನ ಒಲೆಯ ಬಳಿಗೆ ಬರೋಣ. ಒಲೆಗೆ ಇಟ್ಟ ಪಾತ್ರೆಗಳಲ್ಲಿ ನೂರಕ್ಕೆ ತೊಂಬತ್ತು ಹಾಳಾಗುತ್ತಿದ್ದುವೆಂದು ಹೇಳಿಕೆಯಿದೆ. ನಾವು ಚಿಕ್ಕವರಾಗಿದ್ದಾಗ ನಮ್ಮೂರಿನ ಕುಂಬಾರಗೇರಿಯಲ್ಲಿ ಆವಿಗೆಯನ್ನು ಬಿಚ್ಚುವುದನ್ನು ನೋಡಲು ಹೋಗುತ್ತಿದ್ದೆವು. ಆ ಹೊತ್ತಿನಲ್ಲಿ ಮುದುಕ ಕುಂಬಾರನು ಯಾರನ್ನೂ ಮಾತನಾಡಗೊಡುತ್ತಿರಲಿಲ್ಲ. ಬೂದಿಯನ್ನು ಸರಿಸಿ ಒಂದೊಂದೇ ಮಡಕೆಯನ್ನು ಎತ್ತಿ ಬೆರಳ ಗೆಣ್ಣಿನಿಂದ ತಟ್ಟಿ, ಅದರ ನಾದವನ್ನು ಕೇಳಿ, ಒಳ್ಳೆಯದನ್ನು ಬಲಕ್ಕೂ ಬಿರಿದುದನ್ನು ಎಡಕ್ಕೂ ಇಡುವನು. ನೂರಕ್ಕೆ ಹತ್ತು ಎಡಕ್ಕೆ ಹೋದರೆ, ಅದು ಭೂಮಿತಾಯಿಯ ಪಾಲು ಎನ್ನುವನು. ಇಪ್ಪತ್ತು ಹೋದ ದಿನ ಅವನು ಊಟಮಾಡುತ್ತಿರಲಿಲ್ಲವೆಂದು ಅವನ ಮನೆಯವರು ಹೇಳುತ್ತಿದ್ದರು. ನೂರಕ್ಕೆ ತೊಂಬತ್ತು ಎಂದರೇನೆಂಬುದನ್ನು ಆ ಮುದುಕನಿಗೆ ಯಾರಾದರೂ ಹೇಳಿದ್ದರೆ ಅವನು ನಂಬುತ್ತಿರಲಿಲ್ಲ.

ಕಾರಣವು ಮಿಶ್ರಣದಲ್ಲೇ ಇದ್ದಿತು. ಮಣ್ಣು ಕಡಮೆ, ಗಾಜು ಹೆಚ್ಚು. ತಿಗರಿಯ ಮೇಲೆ ಅದು ಜಿಗುಟಾಗಿ ನಿಲ್ಲದು. ಒಲೆಯಲ್ಲಿ ಅದರ ಪಾರದರ್ಶಕತೆಯು ಬರುವ ಕಾವಿಗೂ ಅದು ಮೆತ್ತಗಾಗಿ ಕುಸಿಯುವ ಕಾವಿಗೂ ನಡುವೆ ಅಂತರವು ಅತ್ಯಲ್ಪ. ಆ ಅಂತರವನ್ನು ಮುಟ್ಟದಿದ್ದರೆ ಪಾತ್ರೆ ಮಂಕು. ದಾಟಿದರೆ ತಟ್ಟೆಯ ಅಂಚು ಸೊಟ್ಟಗಾಗಿ ನಡುಭಾಗ ಜೋತುಬೀಳುವುದು. ತಣಿಯುವಾಗ ಬಿರಿಯುವುದು ಬೇರೆ. ಒಂದೇ ಒಲೆಯೊಳಗೆ ಬಾಯಿಯ ಕಡೆ ಒಂದು ಕಾವು, ಹಿಂಬದಿಗೆ ಇನ್ನೊಂದು. ಕಾವನ್ನು ಅಳೆಯಲು ಆಗ ಇದ್ದ ಸಾಧನವಾದರೂ ಏನು? ಜೊಸಾಯ ವೆಜ್‌ವುಡ್ಡನು 1782ರಲ್ಲಿ ಪ್ರಕಟಿಸಿದ್ದ ಉಷ್ಣಮಾಪಕವು ಮಣ್ಣಿನ ಬಿಲ್ಲೆ ಎಷ್ಟು ಕುಗ್ಗಿತೆಂಬುದನ್ನು ನೋಡಿ ಕಾವನ್ನು ಅಂದಾಜುಮಾಡುವಂತಹುದು. ಕುಂಬಾರರು ಇಂದಿಗೂ ಉಪಯೋಗಿಸುವ, ಗೊತ್ತಾದ ಕಾವಿಗೆ ಬಾಗುವ ಸಣ್ಣ ಗೋಪುರಗಳನ್ನು ಜರ್ಮನಿಯ ಸೇಗರ್ ಎಂಬ ರಸಾಯನಶಾಸ್ತ್ರಜ್ಞನು ರೂಪಿಸಿದುದು 1886ರಲ್ಲಿ. ಹಾಗಾಗಿ ವಾಕರನು ಒಲೆಯ ಕಿಂಡಿಯಿಂದ ಬೆಂಕಿಯ ಬಣ್ಣವನ್ನು ನೋಡಿ ನಿರ್ಣಯಿಸಬೇಕಾಗಿತ್ತು. ಕಣ್ಣಿನ ಅಂದಾಜಿಗೆ ಮೀರಿದ ಪದಾರ್ಥವನ್ನು ಕಣ್ಣಿನ ಅಂದಾಜಿನಿಂದ ಬೇಯಿಸಹೊರಟದ್ದೇ ಈ ಕಾರ್ಖಾನೆಯ ಸಂಕಟದ ಮೂಲ.

ಹಣವು ಕೆಲವೇ ತಿಂಗಳುಗಳಲ್ಲಿ ಕರಗಿಹೋಯಿತು. ಆಗ ಅವರು ಲಂಡನ್ನಿನ ಸರಕಾರಕ್ಕೆ ಅರ್ಜಿ ಕೊಟ್ಟರು. ಫ್ರಾನ್ಸಿನ ಸರಕಾರವು ಸೆವ್ರ್ ಕಾರ್ಖಾನೆಯನ್ನು ಪೋಷಿಸಿದಂತೆ ತಮಗೂ 500 ಪೌಂಡುಗಳ ಸಹಾಯಧನ ದೊರೆಯಬೇಕೆಂದು ಪ್ರಾರ್ಥಿಸಿದರು. ವಾಣಿಜ್ಯ ಸಮಿತಿಯವರು ಹಣವನ್ನು ಕೊಡಲಿಲ್ಲ. ಪಿಂಗಾಣಿಯಿಂದ ಹಣ ಮಾಡುವವನು ತನ್ನ ನಷ್ಟವನ್ನು ತಾನೇ ಹೊರಲಿ ಎಂಬುದು ಆ ಕಾಲದ ಇಂಗ್ಲಿಷರ ಅರ್ಥಶಾಸ್ತ್ರ. ನಮ್ಮ ಮೈಸೂರು ಸಂಸ್ಥಾನದಲ್ಲಿ ಇದಕ್ಕೆ ವಿರುದ್ಧವಾದ ನೀತಿಯು ನಡೆದುದನ್ನು ಹಿರಿಯರು ಬಲ್ಲರು. ಸರ್ ಮಿರ್ಜಾ ಇಸ್ಮಾಯಿಲ್‌ರವರ ದಿವಾನಗಿರಿಯ ಕಾಲದಲ್ಲಿ ಬೆಂಗಳೂರಿನಲ್ಲಿ ಸರಕಾರವೇ ಪಿಂಗಾಣಿ ಕಾರ್ಖಾನೆಯನ್ನು ಸ್ಥಾಪಿಸಿತು. ಆದರೆ ಅಲ್ಲಿ ಬೇಕಾಗಿದ್ದುದು ಗುಲಾಬಿಗೆ ತಕ್ಕ ಬಿಳುಪಲ್ಲ, ವಿದ್ಯುಚ್ಛಕ್ತಿಯ ತಂತಿಗಳನ್ನು ಹೊರುವ ಗಟ್ಟಿಯಾದ ಗುಬಟುಗಳು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲವಾದರೂ, 500 ಪೌಂಡುಗಳಿಂದ ನಾಂಟ್‌ಗಾರು ಉಳಿಯುತ್ತಿತ್ತೆಂದು ನಮಗೆ ತೋರುವುದಿಲ್ಲ. ನೂರಕ್ಕೆ ತೊಂಬತ್ತನ್ನು ತಿನ್ನುವ ಒಲೆಗೆ ಬೊಕ್ಕಸದ ಹಣವಾದರೂ ಒಂದೇ, ಸ್ವಂತದ ಹಣವಾದರೂ ಒಂದೇ.

ಹಣ ಬರದಿದ್ದರೂ ಒಬ್ಬ ಪ್ರೇಕ್ಷಕನು ಬಂದನು. ಆ ಸಮಿತಿಯಲ್ಲಿದ್ದ ಸರ್ ಜೋಸೆಫ್ ಬ್ಯಾಂಕ್ಸ್ ಎಂಬ ಪ್ರಖ್ಯಾತ ವಿಜ್ಞಾನಿಗೆ ಪಿಂಗಾಣಿಯ ಮೇಲೆ ಪ್ರೀತಿ. ತನ್ನ ಮಿತ್ರನೂ ಸ್ವಾನ್ಸಿಯ ಕೇಂಬ್ರಿಯನ್ ಕುಂಬಾರಿಕೆ ಕಾರ್ಖಾನೆಯ ಒಡೆಯನೂ ಆಗಿದ್ದ ಲೂಯಿಸ್ ವೆಸ್ಟನ್ ಡಿಲ್ವಿನ್ನನಿಗೆ, ಹೋಗಿ ನೋಡಿ ಬಾ ಎಂದು ಬ್ಯಾಂಕ್ಸನು ಸೂಚಿಸಿದನು. ಡಿಲ್ವಿನ್ನನು ಸ್ವತಃ ಸಸ್ಯಶಾಸ್ತ್ರಜ್ಞನು. ಅವನ ಗ್ರಂಥಕ್ಕೆ ಚಿತ್ರಗಳನ್ನು ಬರೆದುಕೊಟ್ಟವನು ಮೇಲೆ ಹೇಳಿದ ಯಂಗನೇ. ಡಿಲ್ವಿನ್ನನು ಬಂದನು, ಒಡಕುಗಳ ರಾಶಿಯನ್ನು ನೋಡಿ ಬೆರಗಾದನು, ಉಳಿದ ಕೆಲವನ್ನು ನೋಡಿ ಇನ್ನೂ ಬೆರಗಾದನು. ಕೊನೆಗೆ 1814ರಲ್ಲಿ ಮಾವ ಅಳಿಯಂದಿರಿಬ್ಬರನ್ನೂ ತನ್ನ ಸ್ವಾನ್ಸಿ ಕಾರ್ಖಾನೆಗೇ ಕರೆದೊಯ್ದನು. ಅಲ್ಲಿ ಮಿಶ್ರಣವನ್ನು ತಿದ್ದಿ, ಇನ್ನಷ್ಟು ಗಟ್ಟಿಮಾಡಿ, ಬಾತುಕೋಳಿಯ ಮೊಟ್ಟೆಯಂತೆ ತುಸು ಹಸುರು ಛಾಯೆಯುಳ್ಳ ಸುಂದರವಾದ ಪಿಂಗಾಣಿಯನ್ನು ತೆಗೆದರು. ಅಷ್ಟರಲ್ಲಿ ವೂಸ್ಟರಿನವರಿಂದ ಡಿಲ್ವಿನ್ನನಿಗೆ ಕಾಗದ ಬಂದಿತು: ನೀವು ಇಟ್ಟುಕೊಂಡಿರುವವರು ನಮ್ಮನ್ನು ಬಿಟ್ಟು ಓಡಿಬಂದವರು ಎಂದು. ಡಿಲ್ವಿನ್ನನು ಆದರೂ ಅವರನ್ನು ಕೂಡಲೇ ಹೊರಡಿಸಲಿಲ್ಲ. ನಷ್ಟವು ಮಾತ್ರ ಅಲ್ಲಿಯೂ ನಿಲ್ಲಲಿಲ್ಲ. 1817ರಲ್ಲಿ ಅವನು ಕಾರ್ಖಾನೆಯನ್ನು ಬೇರೆಯವರಿಗೆ ಗುತ್ತಿಗೆ ಕೊಟ್ಟು ದೂರ ಸರಿದನು.

ಅದೇ 1817ರಲ್ಲಿ, ಕೆಲವು ತಿಂಗಳುಗಳ ಅಂತರದಲ್ಲಿ, ಸಾರಾ ಮತ್ತು ಲವೀನಿಯಾ ಇಬ್ಬರೂ ತೀರಿಕೊಂಡರು. ತಂದೆಯ ಹಿಂದೆ ಊರಿಂದ ಊರಿಗೆ ಹೆಸರು ಮರೆಸಿಕೊಂಡು ಅಲೆದ ಹೆಣ್ಣುಮಕ್ಕಳು. ಪಿಂಗಾಣಿಯನ್ನು ಕುರಿತು ಬರೆದ ಗ್ರಂಥಗಳಲ್ಲಿ ಮಿಶ್ರಣಗಳಿಗೆ ಪುಟಗಟ್ಟಲೆ ಎಡೆಯಿದೆ. ಇವರಿಗೆ ದೊರೆಯುವುದು ಒಂದೆರಡು ಸಾಲು. ಮುದುಕನು ಮರಳಿ ನಾಂಟ್‌ಗಾರುವಿನ ಒಲೆಗೇ ಬಂದು ನಿಂತನು. ಅವನಿಗೆ ಆಗ ಅರುವತ್ತು ವರ್ಷ ಸಮೀಪಿಸಿತ್ತು.

ಎರಡನೆಯ ಅವಧಿಗೆ ಹಣವನ್ನು ಕೂಡಿಸಿದವನೂ ಯಂಗನೇ. ಮೊದಲ ಸಲ ಕೈಸುಟ್ಟುಕೊಂಡಿದ್ದರೂ ಮತ್ತೆ ತನ್ನದನ್ನು ಹಾಕಿದುದಲ್ಲದೆ, ಜಿಲ್ಲೆಯ ಹತ್ತು ಮಂದಿ ಗೃಹಸ್ಥರಿಂದ ಸುಮಾರು ಸಾವಿರ ಪೌಂಡುಗಳನ್ನು ಎತ್ತಿದನು. ಉತ್ತಮವಾದ ತಟ್ಟೆಗಳೆಲ್ಲ ಹೊರಬಂದುದು ಈ ಮೂರು ವರ್ಷಗಳಲ್ಲೇ. ಹಿಂಬದಿಯಲ್ಲಿ ಊರಿನ ಹೆಸರನ್ನೂ ‘ಚೈನಾ ವರ್ಕ್ಸ್’ ಎಂಬುದರ ಎರಡು ಮೊದಲಕ್ಷರಗಳನ್ನೂ ಹಸಿಯಲ್ಲೇ ಒತ್ತಿರುತ್ತಾರೆ. ಬಹುಪಾಲು ತಟ್ಟೆಗಳು ಚಿತ್ರವಿಲ್ಲದೆ ಬಿಳಿಯಾಗಿಯೇ ಲಂಡನ್ನಿಗೆ ಹೋಗುತ್ತಿದ್ದುವು. ಮಾರ್ಟ್‌ಲಾಕ್ ಮೊದಲಾದ ವರ್ತಕರು ಅವನ್ನು ಕೊಂಡು, ಲಂಡನ್ನಿನ ಚಿತ್ರಕಾರರಿಂದ ಹೂವು, ಹಕ್ಕಿ, ಚಿನ್ನದ ಬಳ್ಳಿಗಳನ್ನು ಬರೆಯಿಸಿ, ಸೆವ್ರಿಗೆ ಮನಸೋತ ಧನಿಕರಿಗೆ ಮಾರುತ್ತಿದ್ದರು. ಇಲ್ಲಿ ನಮ್ಮ ಮನಸ್ಸು ಸ್ವಲ್ಪ ಹೊತ್ತು ನಿಲ್ಲುತ್ತದೆ. ತನ್ನ ಗುಲಾಬಿಗಾಗಿ ಬಿಳುಪನ್ನು ಹುಡುಕಹೊರಟವನಿಗೆ ಬಿಳುಪು ದೊರೆತಾಗ, ಗುಲಾಬಿಯನ್ನು ಬರೆಯಲು ಬಿಡುವಿರಲಿಲ್ಲ. ಅವನ ಹಾಳೆಯ ಮೇಲೆ ಪರರು ಬರೆದರು.

1820ರ ಏಪ್ರಿಲ್ ತಿಂಗಳಲ್ಲಿ ಬಿಲ್ಲಿಂಗ್ಸ್‌ಲಿಯೂ ವಾಕರನೂ ಕಾರ್ಖಾನೆಯನ್ನು ಇದ್ದಂತೆಯೇ ಬಿಟ್ಟು, ಷ್ರಾಪ್‌ಷೈರಿನ ಕೋಲ್‌ಪೋರ್ಟಿನಲ್ಲಿ ಜಾನ್ ರೋಸನ ಕಾರ್ಖಾನೆಗೆ ಹೊರಟುಹೋದರು. ಹಿಂದೆ ಉಳಿದುದು ಗುತ್ತಿಗೆಯ ಪತ್ರ, ತಣ್ಣಗಾದ ಒಲೆ, ಮತ್ತು ಅರ್ಧಂಬರ್ಧ ಮುಗಿದಿದ್ದ ಸಾವಿರಾರು ಬಿಳಿಯ ಪಾತ್ರೆಗಳು. ಬಿಲ್ಲಿಂಗ್ಸ್‌ಲಿಯನ್ನು ವಂಚಕನೆನ್ನಬೇಕೆ? ಕೆಲವರು ಹಾಗೆಂದಿದ್ದಾರೆ. ತನಗೆ ಕೊಟ್ಟ ಹಣದಿಂದ ಅವನು ಸುಖಪಟ್ಟುದಕ್ಕೆ ಯಾವ ಗುರುತೂ ಇಲ್ಲ. ಅದೆಲ್ಲ ಒಲೆಯ ಬಾಯಿಗೇ ಹೋಯಿತು. ಕೋಲ್‌ಪೋರ್ಟಿನಲ್ಲಿ ಅವನು ಶ್ರೀಮಂತನಾಗಲಿಲ್ಲ. 1828ರಲ್ಲಿ ಅಲ್ಲಿಯೇ ತೀರಿಕೊಂಡನು. ವಾಕರನು ಅಮೆರಿಕಕ್ಕೆ ವಲಸೆ ಹೋದನು. ಆದರೂ, ತಿಳಿಸದೆ ಹೊರಟುಹೋದ ಆ ನಡತೆಯನ್ನು ಕಲೆಯ ಹೆಸರಿನಲ್ಲಿ ಕ್ಷಮಿಸುವ ಉದಾರಿಗಳ ಗುಂಪಿಗೆ ನಾವು ಸೇರಲಾರೆವು. ಎರಡು ಸಲ ನಂಬಿದ ಯಂಗನು ಒಂದು ಮಾತಿಗೆ ಅರ್ಹನಾಗಿದ್ದನು.

ಆ ಯಂಗನು ಕೈಕಟ್ಟಿ ಕೂರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾರ್ಖಾನೆಯನ್ನು ಹರಾಜಿಗಿಟ್ಟು, ಉಳಿದ ಪಾಲುದಾರರ ಭಾಗವನ್ನು ತೀರಿಸಿ ತಾನೊಬ್ಬನೇ ಒಡೆಯನಾದನು. ಬ್ರಿಸ್ಟಲಿನಲ್ಲಿದ್ದ ಹಳೆಯ ಗೆಳೆಯ, ಚಿತ್ರಕಾರ ತಾಮಸ್ ಪಾರ್ಡೋವನ್ನು ಕರೆಸಿಕೊಂಡನು. ಮೆರುಗಿನ ಪಾಕವು ಬಿಲ್ಲಿಂಗ್ಸ್‌ಲಿಯ ಜೊತೆಯಲ್ಲೇ ಹೋಗಿದ್ದುದರಿಂದ ಇಬ್ಬರೂ ಸೇರಿ ತಮ್ಮದೇ ಒಂದನ್ನು ಕಂಡುಹಿಡಿಯಬೇಕಾಯಿತು. ಅದು ಹಳೆಯದರಷ್ಟು ಚೆನ್ನಾಗಿರಲಿಲ್ಲ. ಹಾಗೂ ಹೀಗೂ ಆ ಸಾವಿರಾರು ಪಾತ್ರೆಗಳಿಗೆ ಮೆರುಗು ಕೊಟ್ಟು, ಹೂವು ಹಕ್ಕಿಗಳನ್ನು ಬರೆದು ಮಾರಿದರು. ಕೆಲಸಗಾರರ ಸಂಬಳ ತೀರಿತು. ಯಂಗನ ನಷ್ಟದಲ್ಲಿ ಒಂದು ಭಾಗವೂ ತುಂಬಿತು. 1823ರಲ್ಲಿ ಪಾರ್ಡೋ ತೀರಿಕೊಂಡನು. ಅಲ್ಲಿಗೆ ನಾಂಟ್‌ಗಾರುವಿನ ಪಿಂಗಾಣಿಯ ಕಾಲವೂ ಮುಗಿಯಿತು. ಮುಂದೆ 1833ರಲ್ಲಿ ಪಾರ್ಡೋವಿನ ಮಗನು ಅದೇ ಸ್ಥಳದಲ್ಲಿ ಕಂದುಮಣ್ಣಿನ ಪಾತ್ರೆಗಳನ್ನೂ ಹೊಗೆಸೊಪ್ಪಿನ ಕೊಳವೆಗಳನ್ನೂ ಮಾಡತೊಡಗಿದನು. ಸೌಂದರ್ಯವು ಏಳು ವರ್ಷ ಬಾಳದ ಆ ಅಂಗಳದಲ್ಲಿ ಹೊಗೆಸೊಪ್ಪಿನ ಕೊಳವೆಯು 1920ರ ವರೆಗೆ ಬಾಳಿತು.

ಯಂಗನ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ನೀತ್ ಕಣಿವೆಯಲ್ಲಿ ದಿನಾಸ್ ಎಂಬ ಬಂಡೆಯಿದೆ. ಅದರ ಕಲ್ಲು ಬಹುತೇಕ ಶುದ್ಧವಾದ ಸಿಲಿಕ. ಆ ಕಲ್ಲಿನ ಪುಡಿಗೆ ತುಸುವೇ ಸುಣ್ಣವನ್ನು ಬೆರೆಸಿ ಸುಟ್ಟರೆ ಬಹು ಹೆಚ್ಚಿನ ಕಾವಿಗೂ ಕರಗದ ಇಟ್ಟಿಗೆಯಾಗುವುದೆಂದು ಅವನು ಕಂಡುಕೊಂಡು, 1822ರಲ್ಲಿ ಹಕ್ಕುಪತ್ರವನ್ನು ಪಡೆದನು. ಕುಸಿಯುವ ತಟ್ಟೆಗಳನ್ನು ವರ್ಷಗಟ್ಟಲೆ ನೋಡಿದವನು ಕುಸಿಯದ ಇಟ್ಟಿಗೆಯನ್ನು ಮಾಡಿದನು. ಸ್ವಾನ್ಸಿಯ ತಾಮ್ರದ ಕುಲುಮೆಗಳಿಗೂ, ಮುಂದೆ ಉಕ್ಕಿನ ಕುಲುಮೆಗಳಿಗೂ ಆ ಇಟ್ಟಿಗೆಯೇ ಒಳಗೋಡೆಯಾಯಿತು. ರಷ್ಯದವರು ಅಂತಹ ಇಟ್ಟಿಗೆಗೆ ಇಂದಿಗೂ ದಿನಾಸ್ ಎಂದೇ ಹೇಳುತ್ತಾರೆ.

ಪಾಳುಬಿದ್ದಿದ್ದ ಕಾರ್ಖಾನೆಯ ಕಟ್ಟಡಗಳನ್ನು ದುರಸ್ತುಮಾಡಿ 1991ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು. ಅಂಗಳವನ್ನು ಅಗೆದಾಗ, ಒಲೆಯಿಂದ ಹೊರಗೆ ಎಸೆದಿದ್ದ ಸೊಟ್ಟ ತಟ್ಟೆಗಳ ಚೂರುಗಳು ರಾಶಿರಾಶಿಯಾಗಿ ದೊರೆತುವು. ಬಿಲ್ಲಿಂಗ್ಸ್‌ಲಿಯು ಯಾರಿಗೂ ಹೇಳದೆ ಹೊತ್ತುಕೊಂಡು ಹೋದ ಮಿಶ್ರಣವನ್ನು ಆ ಚೂರುಗಳ ಪರೀಕ್ಷೆಯಿಂದ ಮತ್ತೆ ತಿಳಿದುಕೊಂಡು, ಇತ್ತೀಚಿನ ವರ್ಷಗಳಲ್ಲಿ ಅಲ್ಲಿಯವರು ಅದೇ ಬಗೆಯ ಪಿಂಗಾಣಿಯನ್ನು ಸ್ವಲ್ಪ ಸ್ವಲ್ಪವಾಗಿ ಪುನಃ ತಯಾರಿಸಿದ್ದಾರೆ. ಈಗಿನ ಒಲೆಗೆ ಕಾವನ್ನು ಅಳೆಯುವ ಯಂತ್ರವಿದೆ.